ಎತ್ತಿಟ್ಟ ಮರಗಳು

ಜನವರಿ 11

ತಂಗೀ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು. ನಿಮ್ಮ ಅರಣ್ಯ ಕಚೇರಿಯಲ್ಲಿ ಕಾಡನ್ನು ಕಾಲಲ್ಲಿ ನಡೆದು ನೋಡಿದವರು ಒಬ್ಬರಾದರೂ ಇದ್ದಾರಾ? ನಿನ್ನೆ ಕಣಿವೆಯ ಬಾಯಲ್ಲಿ ಒಂದು ಮರಕ್ಕೆ ನೋಟೀಸು ಹೊಡೆದು ಹೋಗಿದ್ದಾರೆ. ಮೊಳೆ ಇಳಿದಿರುವುದು ಪೊಟರೆಯ ಬಾಯಿಗಿಂತ ಒಂದೇ ಗೇಣು ಕೆಳಗೆ. ಒಳಗೆ ಹಕ್ಕಿ ಇತ್ತು. "ನಿರುಪಯುಕ್ತ ಒಣಮರಗಳ ತೆರವು" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಆ "ನಿರುಪಯುಕ್ತ" ಎಂಬುದನ್ನು ಟೈಪು ಮಾಡಿದ ಬೆರಳು ನಿನ್ನದೇ ಇರಬೇಕು. ಹತ್ತಿರ ಇದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಐದು ವರ್ಷದಿಂದ ನಾನು ಈ ಬಿಡಾರದಲ್ಲಿ ಕೂತು ಏನು ನೋಡುತ್ತಿದ್ದೇನೆ ಎಂದು ನೀನು ಒಮ್ಮೆಯೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಚಿಟ್ಟುಗಿಳಿ ಎಂಬುದು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದಷ್ಟು ಸಣ್ಣ ಗಿಳಿ. ಮೈಯೆಲ್ಲ ಹಸಿರು, ಕೊಕ್ಕು ಕೆಂಪು, ಬೆನ್ನಿನ ಕೆಳಗೆ ಒಂದು ಕೆಂಪು ಪಟ್ಟೆ. ಹೂವಿನ ಮಕರಂದ ಕುಡಿಯುತ್ತದೆ, ಮೆತ್ತಗಿನ ಹಣ್ಣು ತಿನ್ನುತ್ತದೆ. ಮಲಗುವಾಗ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತದೆ; ಎಲೆಗಳ ನಡುವೆ ಇನ್ನೊಂದು ಎಲೆ ಎಂದುಕೊಂಡು ದಾಟಿ ಹೋಗುತ್ತೀಯ. ಹಸಿಮರ ಕೊರೆಯುವ ತಾಕತ್ತು ಅದರ ಕೊಕ್ಕಿಗಿಲ್ಲ. ಸತ್ತು, ಒಳಗೆ ಕೊಳೆತು, ಪೊಟರೆಯಾದ ಮರವೇ ಬೇಕು. ಮರವೊಂದು ಸತ್ತು ಪೊಟರೆಯಾಗಲು ಎಷ್ಟು ವರ್ಷ ಬೇಕು, ನಿಮ್ಮ ಸಾಹೇಬರನ್ನು ಕೇಳು. ಅವರ ಸರ್ವೀಸು ಮುಗಿದು ಪಿಂಚಣಿಯೂ ಮುಗಿದಿರುತ್ತದೆ.

ಈ ಕಣಿವೆಯಲ್ಲಿ ಅಂಥವು ನಲವತ್ತೊಂದು ಇವೆ. ಒಂದೊಂದಕ್ಕೂ ನಂಬರು ಕೊಟ್ಟಿದ್ದೇನೆ. ಎತ್ತಿಟ್ಟ ಮರಗಳು ಎಂದು ಹೆಸರಿಟ್ಟಿದ್ದೇನೆ. ತಡವಾಗಿ ಮನೆಗೆ ಬರುವವರಿಗೆ ಅಮ್ಮ ತಟ್ಟೆ ಮುಚ್ಚಿ "ಎತ್ತಿಟ್ಟಿದ್ದೀನಿ, ಯಾರೂ ಕೈ ಹಾಕ್ಬೇಡಿ" ಎನ್ನುತ್ತಿದ್ದಳಲ್ಲ, ಹಾಗೆ. ಪಟ್ಟಿ ಕಳಿಸುತ್ತೇನೆ. ಅದು ಸರಿಯಾದ ಫೈಲಿಗೆ ಸೇರುವಂತೆ ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ. ಇಲ್ಲಿ ಫೋನು ಸಿಗುವುದಿಲ್ಲ, ಗೊತ್ತಲ್ಲ. ಬುಧವಾರದ ಜೀಪೇ ಗತಿ. ನಿನ್ನ ಮನೆಗಿಂತ ಕಚೇರಿಗೆ ಟಪಾಲು ಬೇಗ ಸೇರುತ್ತದೆ, ಅಲ್ಲಿಗೇ ಬರೆಯುತ್ತಿದ್ದೇನೆ.

ಅಕ್ಕ

ಜನವರಿ 20

ಅಕ್ಕಾ,

ನಿನ್ನ ಪತ್ರ ಒಡೆದರೆ ಮೊದಲು ಹೊಗೆ ಬರುತ್ತದೆ, ಆಮೇಲೆ ಅಕ್ಷರ. ಹೌದು, "ನಿರುಪಯುಕ್ತ" ಟೈಪು ಮಾಡಿದ್ದು ನಾನೇ. ಸಾಹೇಬರು ಹೇಳುತ್ತಾರೆ, ನಾನು ಹೊಡೆಯುತ್ತೇನೆ. ಟಪಾಲು ಒಡೆಯುವುದು, ನಂಬರು ಹಾಕುವುದು, ಸೀಲು ಒತ್ತುವುದು, ಪಟ್ಟಿ ಟೈಪು ಮಾಡುವುದು, ಇಷ್ಟೇ ನನ್ನ ರಾಜ್ಯಭಾರ. ಕಾಡಿನ ಮೇಲಿನ ಸಿಟ್ಟನ್ನೆಲ್ಲ ಒಬ್ಬ ಗುಮಾಸ್ತೆಯ ಮೇಲೆ ಇಳಿಸಿದರೆ ನಿನಗೆ ಹಗುರಾಗುತ್ತದೆ, ಇಳಿಸು. ಚಿಕ್ಕಂದಿನಿಂದ ರೂಢಿಯಾಗಿದೆ.

ಆದರೆ ಒಂದು ಮಾತು ಗಮನವಿಟ್ಟು ಕೇಳು. ಪಟ್ಟಿಗೆ "ಎತ್ತಿಟ್ಟ ಮರಗಳು" ಎಂದು ಬರೆಯಬೇಡ. ನಮ್ಮ ಕಚೇರಿಯಲ್ಲೂ ಗರಗಸದವರ ಬಾಯಲ್ಲೂ ಎತ್ತಿಟ್ಟದ್ದು ಎಂದರೆ ಮೊದಲ ಲೋಡಿಗೆ ಕಡಿಯಲು ಆರಿಸಿಟ್ಟದ್ದು ಎಂದರ್ಥ. ಅಮ್ಮನ ಅಡುಗೆಮನೆಯ ಮಾತು ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಇದರ ಜೊತೆ ಅಚ್ಚು ಹಾಕಿದ ನಮೂನೆ ಇಟ್ಟಿದ್ದೇನೆ. ಮೇಲೆ "ಬಿಡುವ ಮರಗಳು" ಎಂದಿದೆ. ಅದನ್ನೇ ತುಂಬಿ ಕಳಿಸು. ಪಟ್ಟಿ ಹದಿನೈದು ದಿನ ಬೋರ್ಡಿನ ಮೇಲಿರುತ್ತದೆ, ಅಷ್ಟರೊಳಗೆ ಯಾರೂ ಆಕ್ಷೇಪಣೆ ಹಾಕದಿದ್ದರೆ ಅದೇ ಅಂತಿಮ. ನಿನ್ನ ಪಾಂಡಿತ್ಯ ಹಕ್ಕಿಗೆ ಇರಲಿ, ಫಾರಮ್ಮಿಗೆ ನನ್ನ ಮಾತು ಕೇಳು.

ನಿನಗೆ ಒಂದು ವಿಷಯ ಹೇಳಬೇಕಿದೆ. ಕಾಗದದಲ್ಲಿ ಬೇಡ, ಎದುರಿಗೆ ಕೂತು ಹೇಳಬೇಕು. ಇವರು "ನಿಮ್ಮಕ್ಕಂಗೆ ಬರ್ದ್ಬಿಡು" ಎಂದು ದಿನಾ ಹೇಳುತ್ತಿದ್ದಾರೆ, ನಾನೇ ತಡೆದಿದ್ದೇನೆ. ಫೆಬ್ರವರಿ ಮೊದಲ ವಾರ ಎರಡು ದಿನ ಬಂದು ಹೋಗುತ್ತೀಯಾ? ಬೆಳಿಗ್ಗೆ ಅಂಟಿನ ವಾಸನೆಗೆ ತಲೆ ತಿರುಗುತ್ತದೆ, ಲಕೋಟೆ ಅಂಟಿಸುವ ಕೆಲಸವನ್ನು ಪಕ್ಕದ ಮೇಜಿಗೆ ದಾಟಿಸಿದ್ದೇನೆ. ಬಾ ಅಕ್ಕಾ.

ನಿನ್ನ ತಂಗಿ

ಫೆಬ್ರವರಿ 3

ತಂಗೀ,

ನಿನ್ನ ನಮೂನೆ ನೋಡಿದೆ. "ಮರವನ್ನು ಬಿಡಲು ಕಾರಣ" ಎಂಬುದಕ್ಕೆ ಕೊಟ್ಟ ಜಾಗ ಒಂದು ಅಂಗುಲ. ಐದು ವರ್ಷವನ್ನು ಒಂದು ಅಂಗುಲದಲ್ಲಿ ತುಂಬಬೇಕಂತೆ! ಮೈ ಉರಿದುಹೋಯಿತು, ಹರಿದು ಒಲೆಗೆ ಹಾಕಿದೆ. ನನ್ನದೇ ಕಾಗದದಲ್ಲಿ ನನ್ನದೇ ಪಟ್ಟಿ ಮಾಡಿದ್ದೇನೆ. ಮೇಲೆ "ಎತ್ತಿಟ್ಟ ಮರಗಳು" ಎಂದೇ ಬರೆದಿದ್ದೇನೆ. ಗರಗಸದವರ ಭಾಷೆಗೆ ಹೆದರಿ ಅಮ್ಮನ ಮಾತು ಬಿಡುವವಳು ನಾನಲ್ಲ. ಲಕೋಟೆ ಒಡೆಯುವವಳು ನೀನು, ಟೈಪು ಮಾಡುವವಳು ನೀನು. ನಿನಗೆ ಅರ್ಥವಾದರೆ ಸಾಕಲ್ಲ, ಮುಂದಿನದನ್ನು ನೀನು ಯಾವ ಭಾಷೆಯಲ್ಲಾದರೂ ಹೊಡೆದುಕೋ.

ಬರಲಾಗುವುದಿಲ್ಲ. ಹದಿನೇಳನೆಯ ಮರದಲ್ಲಿ ಮೂರು ಮೊಟ್ಟೆ ಇವೆ, ಇವತ್ತಿಗೆ ಒಂಬತ್ತನೆಯ ದಿನ. ಕೋಲಿಗೆ ಕಟ್ಟಿದ ಪುಟ್ಟ ಕನ್ನಡಿ ಇಳಿಸಿ ದಿನಾ ನೋಡುತ್ತೇನೆ. ಈ ಹೆಣ್ಣು ಗೂಡಿಗೆ ಹಾಸು ತರುವುದನ್ನು ನೀನು ನೋಡಬೇಕು. ಎಲೆಯ ಅಂಚನ್ನು ಕೊಕ್ಕಿನಲ್ಲಿ ಉದ್ದುದ್ದಕ್ಕೆ ಕತ್ತರಿಸುತ್ತದೆ, ದರ್ಜಿಯ ಕೈ ನೋಡಿದ ಹಾಗೆ. ಆಮೇಲೆ ಆ ಪಟ್ಟಿಗಳನ್ನು ಬೆನ್ನಿನ ಕೆಳಗಿನ ಕೆಂಪು ಗರಿಗಳೊಳಗೆ ಸಿಕ್ಕಿಸಿಕೊಂಡು ಹಾರುತ್ತದೆ. ಅರ್ಧ ದಾರಿಯಲ್ಲೇ ಬೀಳುತ್ತವೆ. ಮತ್ತೆ ಹೋಗುತ್ತದೆ, ಮತ್ತೆ ಕತ್ತರಿಸುತ್ತದೆ. ಇಪ್ಪತ್ತಾರು ಸಲ ಓಡಾಡಿದ್ದನ್ನು ಎಣಿಸಿದ್ದೇನೆ. ಗಂಡು ಹೊರಗೆ ಕೂತು ಅವಳಿಗೆ ತುತ್ತು ಕೊಡುತ್ತದೆ, ಅಷ್ಟೇ ಅದರ ಸಂಸಾರ. ಈ ಸ್ಥಿತಿಯಲ್ಲಿ ಅದನ್ನು ಬಿಟ್ಟು ಎಲ್ಲಿಗೆ ಬರಲಿ?

ವಿಷಯ ಏನಿದ್ದರೂ ಬರೆ. ಮನೆ ಬದಲಾಯಿಸುತ್ತಿದ್ದೀರಾ? ನಿನ್ನ ಗಂಡನಿಗೆ ವರ್ಗವಾಯಿತಾ? ಸಸ್ಪೆನ್ಸು ಇಡುವ ವಯಸ್ಸೇ ನಿನ್ನದು?

ಅಕ್ಕ

ಫೆಬ್ರವರಿ 14

ಅಕ್ಕಾ,

ಐದನೇ ತಾರೀಖಿನಿಂದ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಹೊಟ್ಟೆಯದೇ. ಈಗ ಮನೆಯಲ್ಲಿದ್ದೇನೆ. ಕೈ ನಡುಗುತ್ತದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಹೇಳಬೇಕು ಎಂದಿದ್ದೆನಲ್ಲ, ಆ ವಿಷಯ ಈಗ ಇಲ್ಲ. ಬಿಡು. ಇವರು ಎರಡು ದಿನದಿಂದ ಬಾಲ್ಕನಿಯಲ್ಲಿ ಒಬ್ಬರೇ ಕೂತಿರುತ್ತಾರೆ, ಕರೆದರೆ ಬರುತ್ತಾರೆ, ಮತ್ತೆ ಅಲ್ಲಿಗೇ ಹೋಗಿ ಕೂರುತ್ತಾರೆ.

ನಿನ್ನ ಪಟ್ಟಿ ಬಂದಿದೆಯಂತೆ. ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಕೂತವನು ಒಡೆದು ಟೈಪು ಮಾಡಿ ಬೋರ್ಡಿಗೂ ಹಾಕಿದ್ದಾನಂತೆ. ಸೋಮವಾರ ಹೋಗಿ ನೋಡುತ್ತೇನೆ.

ತಂಗಿ

ಫೆಬ್ರವರಿ 18

ತಂಗೀ,

ಬೆಳಿಗ್ಗೆ ಜೀಪು ನಿನ್ನ ಕಾಗದ ತಂತು, ಅದೇ ಜೀಪು ಇನ್ನು ಅರ್ಧ ಗಂಟೆಗೆ ಹೊರಡುತ್ತದೆ. ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹೊರಗಿನದು ತಿನ್ನಬೇಡ ಎಂದು ಎಷ್ಟು ಸಲ ಹೇಳಬೇಕು ನಿನಗೆ? ಕಚೇರಿಯ ಕ್ಯಾಂಟೀನಿನ ನೀರು ಕುಡಿದಿರುತ್ತೀಯ. ಕಾಯಿಸಿ ಆರಿಸಿದ ನೀರು ಬಾಟಲಿಯಲ್ಲಿ ಒಯ್ಯಿ. ನಿನ್ನ ಗಂಡನಿಗೂ ಹೇಳು, ಹೆಂಡತಿಗೆ ಹೊಟ್ಟೆ ಕೆಟ್ಟರೆ ಬಾಲ್ಕನಿಯಲ್ಲಿ ಮುಖ ಊದಿಸಿಕೊಂಡು ಕೂರುವುದಲ್ಲ, ಗಂಜಿ ಮಾಡಿಕೊಡುವುದು.

ಇಲ್ಲಿ ಸಂಭ್ರಮ! ಹದಿನೇಳರಲ್ಲಿ ಎರಡು ಮರಿ ಹೊರಬಂದಿವೆ. ಮೂರನೆಯ ಮೊಟ್ಟೆ ಒಡೆಯಲಿಲ್ಲ. ಹೆಣ್ಣು ಎರಡು ದಿನ ಅದರ ಮೇಲೂ ಕಾವು ಕೂತಿತು, ಮೂರನೆಯ ದಿನ ಪಕ್ಕಕ್ಕೆ ಸರಿಸಿತು. ಅಷ್ಟೇ. ಒಂದು ಗಳಿಗೆಯೂ ಹಾಳು ಮಾಡಲಿಲ್ಲ, ಸೀದಾ ಮಕರಂದ ತರಲು ಹೋಯಿತು. ಮನುಷ್ಯರಾಗಿದ್ದರೆ ತಿಂಗಳುಗಟ್ಟಲೆ ಗೋಳು, ನೆಂಟರು, ಸಮಾಧಾನ. ಬರದಿದ್ದದ್ದನ್ನು ಬಿಟ್ಟು ಬಂದದ್ದಕ್ಕೆ ಉಣಿಸುವ ಈ ಬುದ್ಧಿ ನಮಗೆ ಯಾಕಿಲ್ಲ? ನನಗೆ ಈ ಹಕ್ಕಿಗಳ ಮೇಲೆ ಗೌರವ ಇರುವುದೇ ಇದಕ್ಕೆ.

ಪಟ್ಟಿ ನೋಡಿದೆಯಾ? ನೋಡಿ ಎರಡು ಸಾಲು ಬರೆ. ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ.

ಅಕ್ಕ

ಮಾರ್ಚ್ 10

ತಂಗಿ ಎಂದು ಬರೆಯಲೂ ಕೈ ಬರುತ್ತಿಲ್ಲ.

ನಿನ್ನೆ ಬಂದರು. ಎಂಟು ಜನ, ಮೂರು ಗರಗಸ. ನಾನು ಮೇಲಿನ ದಿಬ್ಬದಲ್ಲಿದ್ದೆ. ಸದ್ದು ಕೇಳಿ ಇಳಿದು ಬರುವಷ್ಟರಲ್ಲಿ ಕೆಳಗಿನ ಸಾಲು ಪೂರ್ತಿ ಮಲಗಿತ್ತು. ಒಣಮರ ಬೀಳಲು ಹೊತ್ತು ಬೇಕಿಲ್ಲ. ನಂಬರು ನೋಡಿ ನೋಡಿ ಕಡಿಯುತ್ತಿದ್ದರು. ನನ್ನ ನಂಬರು! ನಾನೇ ಬಣ್ಣ ಕಲಸಿ ಬರೆದದ್ದು. ಅಕ್ಕಪಕ್ಕದಲ್ಲಿ ಪೊಟರೆಯಿಲ್ಲದ ಒಣಮರಗಳಿದ್ದವು, ಅವನ್ನು ಮುಟ್ಟಲೂ ಇಲ್ಲ.

ಮೇಸ್ತ್ರಿಯ ಕೊರಳಪಟ್ಟಿ ಹಿಡಿದೆ. ಅವನು ಒಳ್ಳೆಯವನು, ಕೈಯೆತ್ತಲಿಲ್ಲ. "ನಮ್ ಮೇಲ್ ಯಾಕಮ್ಮಾ ಕೂಗಾಡ್ತೀರಾ? ಪಟ್ಟಿ ನೋಡಿ. ಮೇಲೇ ಬರ್ದಿದೆಯಲ್ಲ, ಎತ್ತಿಟ್ಟ ಮರಗಳು ಅಂತ. ಎತ್ತಿಟ್ಟದ್ದು ಅಂದ್ರೆ ಮೊದಲ್ನೇ ಲೋಡು. ಅವು ಹೋದ್ಮೇಲೇ ಮಿಕ್ಕಿದ್ದು" ಎಂದ. ಕೆಳಗೆ ಸೀಲು. ಪಕ್ಕದಲ್ಲಿ ಪರಿಶೀಲಿಸಲಾಗಿದೆ ಎಂದು ನಿನ್ನ ಸಹಿ. ನಿನ್ನ ಸಹಿಯ ಬಾಲ ನನಗೆ ಗೊತ್ತಿಲ್ಲವೇ?

ಮೂವತ್ತೆರಡು ಹೋದವು. ಕತ್ತಲಾಯಿತೆಂದು ನಿಲ್ಲಿಸಿದ್ದಾರೆ, ಲಾರಿ ತುಂಬಿ ಕಳಿಸಿ ಮಿಕ್ಕ ಒಂಬತ್ತಕ್ಕೆ ಈ ತಿಂಗಳ ಕೊನೆಗೆ ಬರುತ್ತಾರಂತೆ. ಹದಿನೇಳನೆಯದು ಬಿದ್ದ ರಭಸಕ್ಕೆ ಉದ್ದಕ್ಕೆ ಸೀಳಿತ್ತು. ಎರಡು ಮರಿಗೂ ರೆಕ್ಕೆ ಹಸಿರಾಗಿತ್ತು. ಇನ್ನು ಹತ್ತು ಹನ್ನೆರಡು ದಿನ ಸಿಕ್ಕಿದ್ದರೆ ಹಾರುತ್ತಿದ್ದವು. ಅವನ್ನು ಎಲೆಯಲ್ಲಿ ಸುತ್ತಿ ಮಣ್ಣು ಮಾಡಿದೆ. ಹೆಣ್ಣು ಸಂಜೆಯವರೆಗೂ ಆ ಮರ ನಿಂತಿದ್ದ ಜಾಗದ ಗಾಳಿಯಲ್ಲೇ ಸುತ್ತುತ್ತಿತ್ತು, ಪೊಟರೆ ಇದ್ದ ಎತ್ತರದಲ್ಲೇ. ಕೊಕ್ಕಿನಲ್ಲಿ ತುತ್ತು ಹಾಗೇ ಇತ್ತು.

ಸೋಮವಾರ ನೋಡುತ್ತೇನೆ ಎಂದಿದ್ದೆಯಲ್ಲ. ಏನು ನೋಡಿದೆ? ಕಣ್ಣಿಗೆ ಏನು ಬಡಿದಿತ್ತು?

ಮಾರ್ಚ್ 18

ಉತ್ತರವಿಲ್ಲ. ಇವತ್ತಿನ ಜೀಪಿನಲ್ಲೂ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಬಿಟ್ಟುಬಿಡುತ್ತೇನೆ ಎಂದುಕೊಂಡಿದ್ದೀಯಾ?

ನಿಮ್ಮ ಸಾಹೇಬರಿಗೆ ದೂರು ಬರೆದು ಇದೇ ಚೀಲದಲ್ಲಿ ಕಳಿಸಿದ್ದೇನೆ. ಬಿಡಬೇಕಾದ ಮರಗಳನ್ನು ಕಡಿಯುವ ಪಟ್ಟಿಗೆ ಸೇರಿಸಿದ್ದು ಗುಮಾಸ್ತೆಯ ತಪ್ಪು, ವಿಚಾರಣೆಯಾಗಬೇಕು ಎಂದು ಬರೆದಿದ್ದೇನೆ. ಗುಮಾಸ್ತೆ ನನ್ನ ಒಡಹುಟ್ಟಿದವಳು ಎಂಬುದನ್ನೂ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ. ಒಂದು ಕೆಲಸ, ಒಂದೇ ಒಂದು ಕೆಲಸ ಹೇಳಿದ್ದೆ ನಿನಗೆ.

ಮಾರ್ಚ್ 21

ಅಕ್ಕಾ,

ನಿನ್ನ ದೂರು ನಿನ್ನೆ ಬಂತು. ಟಪಾಲು ಒಡೆಯುವವಳು ನಾನೇ ಎಂಬುದನ್ನು ಸಿಟ್ಟಿನಲ್ಲಿ ಮರೆತಿದ್ದೆ ನೀನು. ಓದಿದೆ. ನಂಬರು ಹಾಕಿದೆ, ನನ್ನ ಮೇಲಿನ ದೂರಿಗೆ ನಾನೇ ಸೀಲು ಒತ್ತಿದೆ, ಫೈಲು ಕಟ್ಟಿ ಸಾಹೇಬರ ಮೇಜಿಗೆ ಇಟ್ಟು ಬಂದೆ. ಬಚ್ಚಿಡಬಹುದಿತ್ತು. ಬಚ್ಚಿಡಲಿಲ್ಲ. ಅವರು ಓದಿ, "ಏನಮ್ಮಾ ಇದು, ಅಕ್ಕ ತಂಗಿ ಜಗಳಾನ ಆಫೀಸಿಗೆ ತರ್ತೀರಾ?" ಎಂದರು. ಆಮೇಲೆ ವಿಚಾರಣೆ ಮುಗಿಯುವ ತನಕ ಆ ಕಣಿವೆಯಲ್ಲಿ ಕಟಾವು ನಿಲ್ಲಿಸಿ ಎಂದು ಬರೆದರು. ನಿನ್ನ ಒಂಬತ್ತು ಮರ ಸದ್ಯಕ್ಕೆ ನಿಂತಿವೆ.

ಈಗ ಕೇಳು. ಕಣ್ಣಿಗೆ ಏನೂ ಬಡಿದಿರಲಿಲ್ಲ. ಫೆಬ್ರವರಿ ಹದಿನಾರನೇ ತಾರೀಖು ಸೋಮವಾರ ಹೋದ ಕೂಡಲೇ ಬೋರ್ಡು ನೋಡಿದೆ. ಏನಾಗಿದೆ ಎಂದು ತಕ್ಷಣ ಗೊತ್ತಾಯಿತು. ಆಕ್ಷೇಪಣೆಗೆ ಶುಕ್ರವಾರ ಸಂಜೆ ಐದರವರೆಗೆ ಸಮಯವಿತ್ತು. ಸಾಹೇಬರು ಶುಕ್ರವಾರವೇ ಬರುವವರಿದ್ದರು. ನಾನು ತಿದ್ದುಪಡಿ ಟೈಪು ಮಾಡಿದೆ. ನಲವತ್ತೊಂದು ನಂಬರನ್ನೂ ಹೊಡೆದೆ, ಕೂತರೆ ಸೊಂಟ ಕಿತ್ತು ಬರುತ್ತಿತ್ತು, ನಿಂತು ಹೊಡೆದೆ. ಮೇಲೆ "ಬಿಡುವ ಮರಗಳು" ಎಂದು ಹಾಕಿದೆ. ಶುಕ್ರವಾರ ಬೆಳಿಗ್ಗೆ ಅದು ನನ್ನ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು.

ಹನ್ನೊಂದು ಗಂಟೆಗೆ ಟಪಾಲು ಬಂತು. ಅದರಲ್ಲಿ ನಿನ್ನ ಕಾಗದ ಇತ್ತು.

ಅಕ್ಕಾ, ನನಗೆ ಹೊಟ್ಟೆ ಕೆಟ್ಟಿರಲಿಲ್ಲ. ಮಗು ಹೋಯಿತು. ಮಗು ಇದೆ ಎಂದು ಹೇಳಲೆಂದೇ ನಿನ್ನನ್ನು ಬಾ ಎಂದಿದ್ದೆ. ಆಮೇಲೆ ಇಲ್ಲ ಎಂದು ಬರೆದೆ. ಬಿಡಿಸಿ ಬರೆಯಲು ಕೈ ಬರಲಿಲ್ಲ, ನಿನಗೆ ತಿಳಿಯುತ್ತದೆ ಎಂದುಕೊಂಡೆ. ಹಕ್ಕಿ ಕತ್ತು ಓರೆ ಮಾಡಿದರೆ ಅರ್ಥ ಮಾಡಿಕೊಳ್ಳುವವಳಿಗೆ ನನ್ನ ನಾಲ್ಕು ಸಾಲು ತಿಳಿಯುವುದಿಲ್ಲವೇ ಎಂದು. ನೀನು ನೀರು ಕಾಯಿಸಿ ಕುಡಿ ಎಂದೆ. ಒಡೆಯದ ಮೊಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ಹೊಗಳಿದೆ. ಒಂದು ಗಳಿಗೆಯೂ ಹಾಳು ಮಾಡಲಿಲ್ಲ ಎಂದೆ. ಗೌರವ ಎಂದೆ.

ಆ ಕಾಗದವನ್ನು ಎರಡು ಸಲ ಓದಿದೆ. ತಿದ್ದುಪಡಿಯನ್ನು ಎತ್ತಿ ಡ್ರಾಯರಿಗೆ ಹಾಕಿದೆ. ಹಳೆಯ ಪಟ್ಟಿ ಪರಿಶೀಲಿಸಲಾಗಿದೆ ಎಂದು ಸಹಿ ಮಾಡಿದೆ. ಐದು ಗಂಟೆಗೆ ಬೀಗ ಹಾಕಿಕೊಂಡು ಮನೆಗೆ ಹೋದೆ. ತಪ್ಪಿ ಮಾಡಿದ್ದಲ್ಲ, ಗೊತ್ತಿದ್ದೇ ಮಾಡಿದ್ದು. ಮರಿಗಳಿವೆ ಎಂದು ಗೊತ್ತಿತ್ತು. ನಿನಗೂ ಒಮ್ಮೆ ಗೊತ್ತಾಗಲಿ ಎನ್ನಿಸಿತ್ತು. ಆಮೇಲೆ ನಿನ್ನ ಮಾರ್ಚ್ ಹತ್ತರ ಕಾಗದ ಓದಿ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅದೂ ನಿಜ. ಎರಡೂ ನಿಜ.

ಹೆಡ್ ಕ್ಲರ್ಕ್ ಹೇಳಿದರು, ದೂರು ವಾಪಸು ತೆಗೆದುಕೊಂಡರೆ ವಿಚಾರಣೆ ಮುಗಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ ಎಂದು. ವಿಚಾರಣೆ ಮುಗಿದರೆ ಗರಗಸವೂ ಮತ್ತೆ ಹೊರಡುತ್ತದೆ. ವಾಪಸು ತೆಗೆದುಕೋ ಎಂದು ನಾನು ಕೇಳುತ್ತಿಲ್ಲ. ನಿನ್ನಿಂದ ಏನನ್ನೂ ಕೇಳುವುದನ್ನು ಬಿಟ್ಟಿದ್ದೇನೆ.

ಮಾರ್ಚ್ 25

ತಂಗೀ,

ಜೀಪನ್ನು ಎರಡು ಗಂಟೆಯಿಂದ ಕಾಯಿಸಿದ್ದೇನೆ. ನಾಲ್ಕು ಹಾಳೆ ಹರಿದು ಹಾಕಿದೆ. ಇದು ಹೇಗೆ ಬರುತ್ತದೋ ಹಾಗೇ ಕಳಿಸುತ್ತೇನೆ.

ಮೊದಲು ಕೆಲಸದ ಮಾತು. ದೂರು ವಾಪಸು ತೆಗೆದುಕೊಳ್ಳುವುದಿಲ್ಲ, ಒಂಬತ್ತು ಮರ ನಿಲ್ಲಬೇಕು. ಆದರೆ ತಪ್ಪು ಯಾರದು ಎಂಬುದನ್ನು ತಿದ್ದಿ ಬರೆದಿದ್ದೇನೆ. ಕಚೇರಿಯ ನಮೂನೆ ತುಂಬದೆ ಹರಿದು ಹಾಕಿದವಳು ನಾನು; ಆ ಪದ ಬಳಸಬೇಡ, ಅದಕ್ಕೆ ಇಂಥ ಅರ್ಥವಿದೆ ಎಂದು ಗುಮಾಸ್ತೆ ಜನವರಿ ಇಪ್ಪತ್ತರಂದೇ ಬರೆದು ಎಚ್ಚರಿಸಿದ್ದಳು; ಹಟ ಮಾಡಿ ಅದನ್ನೇ ಬರೆದವಳು ನಾನು. ಸಾಕ್ಷಿಗೆ ನಿನ್ನ ಆ ಕಾಗದವನ್ನೇ ಇಟ್ಟಿದ್ದೇನೆ. ಕೊನೆಯ ಭಾಗವನ್ನು ಕತ್ತರಿಸಿ ನನ್ನ ಹತ್ತಿರ ಉಳಿಸಿಕೊಂಡಿದ್ದೇನೆ, ಅದು ಸಾಹೇಬರಿಗಲ್ಲ. ಡ್ರಾಯರಿನ ವಿಷಯ ನನ್ನ ಬಾಯಿಂದ ಹೊರಗೆ ಬರುವುದಿಲ್ಲ. ನೀನೂ ಧರ್ಮರಾಯನಾಗಲು ಹೋಗಬೇಡ. ಇದಕ್ಕೆ ನನ್ನ ಬಿಡಾರದ ಪರವಾನಗಿ ಹೋಗುತ್ತದೆ. ಹೋಗಲಿ. ನಾನೇ ಬಿಡಾರ ಬಿಡುತ್ತೇನೆ, ಗೂಡುಗಳ ಲೆಕ್ಕದ ಪುಸ್ತಕಗಳನ್ನು ಸೋಮವಾರ ಬಂದು ಒಪ್ಪಿಸಿಕೊಳ್ಳಿ ಎಂದೂ ಅದರಲ್ಲೇ ಬರೆದಿದ್ದೇನೆ. ಒಂಬತ್ತರಲ್ಲಿ ಎರಡು ಪೊಟರೆಯಲ್ಲಿ ಮರಿಗಳಿವೆ, ಅವು ಹಾರುವುದನ್ನು ನೋಡಲು ನಾನು ಇಲ್ಲಿರುವುದಿಲ್ಲ.

ಇನ್ನು ನಮ್ಮಿಬ್ಬರ ಮಾತು. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಆ ಸೀಳಿದ ಮರ ಕಣ್ಣ ಮುಂದೆ ಇರುವವರೆಗೆ ಇಳಿಯುವುದೂ ಇಲ್ಲ. ಸುಳ್ಳು ಹೇಳಿ ಏನಾಗಬೇಕು? ಆದರೆ ನಿನ್ನ ಫೆಬ್ರವರಿ ಹದಿನಾಲ್ಕರ ಕಾಗದವನ್ನು ತೆಗೆದು ಇವತ್ತು ಮತ್ತೆ ಓದಿದೆ. ಎಲ್ಲವೂ ಅದರಲ್ಲೇ ಇದೆ. ಆ ವಿಷಯ ಈಗ ಇಲ್ಲ ಎಂದಿದ್ದೀಯ. ಕೈ ನಡುಗುತ್ತದೆ ಎಂದಿದ್ದೀಯ. ಅವನು ಬಾಲ್ಕನಿಯಲ್ಲಿ ಒಬ್ಬನೇ ಕೂತಿರುತ್ತಾನೆ ಎಂದಿದ್ದೀಯ. ಓದಲು ಬರುವ ಯಾವ ಪ್ರಾಣಿಗಾದರೂ ತಿಳಿಯುತ್ತಿತ್ತು. ಅರ್ಧ ಗಂಟೆಯಿತ್ತು ನನಗೆ. ಆ ಅರ್ಧ ಗಂಟೆಯಲ್ಲಿ ನಿನ್ನದನ್ನು ಒಂದು ಸಲ ಓದಿ, ನನ್ನದನ್ನು ಒಂದು ಪುಟ ಬರೆದೆ. ನಿನ್ನ ಮೇಲೆ ಎಷ್ಟು ಸಿಟ್ಟಿದೆಯೋ ನನ್ನ ಮೇಲೆ ಅದರ ಹತ್ತರಷ್ಟಿದೆ, ಎಲ್ಲಿ ಇಡುವುದೋ ತಿಳಿಯುತ್ತಿಲ್ಲ.

ಮುಂದಿನ ಬುಧವಾರ ಇದೇ ಜೀಪಿಗೆ ಹತ್ತಿ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಬೈ, ಹೊಡಿ, ಏನು ಬೇಕಾದರೂ ಮಾಡು. ನನ್ನ ಹತ್ತಿರ ಹದಿನಾರು ಪುಸ್ತಕಗಳಿವೆ, ಒಂದೊಂದು ಹಕ್ಕಿ ಯಾವ ದಿನ ಮೊಟ್ಟೆ ಇಟ್ಟಿತು, ಎಷ್ಟನೆಯ ದಿನ ಮರಿ ಕಣ್ಣು ಬಿಟ್ಟಿತು, ಎಲ್ಲ ಬರೆದಿದೆ. ನಿನ್ನದು ಒಂದು ದಿನವೂ ಇಲ್ಲ. ನಾಚಿಕೆಯಿಂದ ಕೇಳುತ್ತಿದ್ದೇನೆ. ಕಾಗದದಲ್ಲಿ ಬೇಡ, ಎದುರಿಗೆ ಹೇಳು.

ಎಷ್ಟು ತಿಂಗಳಾಗಿತ್ತು?

ಅಕ್ಕ